ಟೂರಿಂಗ್ ಬೈಕಿಗೆ ಅಗಲದ ಹಿಂದಿನ ಟೈರ್: ಅಳತೆಯಿಂದ ಮೊದಲ 200 ಕಿಲೋಮೀಟರ್‌ವರೆಗೆ

ನನ್ನ ಬೈಕಿನ ಹಿಂದಿನ ಮಡ್‌ಗಾರ್ಡ್ ಒಳಗೆ ಕೈ ಹಾಕಿದರೆ ಇವತ್ತಿಗೂ ಒಂದು ಗೀರು ಬೆರಳಿಗೆ ಸಿಗುತ್ತದೆ. ಮೊದಲ ಸಲ ಅಗಲದ ಟೈರ್ ಹಾಕಿದಾಗ ಆದದ್ದು ಅದು. ಖಾಲಿ ಬೈಕನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರ ತಿರುಗಿಸಿ, ಎಲ್ಲೂ ತಾಗುತ್ತಿಲ್ಲ ಅಂತ ನೋಡಿ ಸಮಾಧಾನಪಟ್ಟಿದ್ದೆ. ಮುಂದಿನ ವಾರ ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಎರಡೂ ಬದಿಯ ಬ್ಯಾಗ್ ತುಂಬಿಕೊಂಡು ಹೊರಟೆ. ಒಂದು ಗುಂಡಿಗೆ ಇಳಿದಾಗ ಸಸ್ಪೆನ್ಷನ್ ಪೂರ್ತಿ ಕುಸಿಯಿತು, ಕೆಳಗಿನಿಂದ ಜರ್ರ್ ಅಂತ ಸದ್ದು ಬಂತು, ಅದರ ಹಿಂದೆಯೇ ರಬ್ಬರ್ ಸುಟ್ಟ ವಾಸನೆ. ನಿಲ್ಲಿಸಿ ಬಗ್ಗಿ ನೋಡಿದರೆ ಮಡ್‌ಗಾರ್ಡ್ ಒಳಗಿದ್ದ ಒಂದು ಬೋಲ್ಟಿನ ತಲೆ ಟೈರಿನ ನಡುವೆ ಗೆರೆ ಎಳೆದಿತ್ತು. ಬೋಲ್ಟಿನ ತಲೆ ಉಜ್ಜಿ ಉಜ್ಜಿ ಬೆಳ್ಳಿ ಥರ ಹೊಳೆಯುತ್ತಿತ್ತು.

ಟೈರಿನಲ್ಲಿ ದೋಷ ಇರಲಿಲ್ಲ. ನಾನು ಅಳತೆ ತೆಗೆದ ಹೊತ್ತು ತಪ್ಪಾಗಿತ್ತು. ಅದಕ್ಕೇ ಈ ಬರಹದಲ್ಲಿ ಟೈರ್ ಬಿಚ್ಚಿ ಹಾಕುವ ಕೆಲಸಕ್ಕಿಂತ ಅಳೆಯುವ ಕೆಲಸಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಟೈರ್ ಆರ್ಡರ್ ಮಾಡುವ ಮೊದಲೇ ಇದನ್ನು ಓದಿದರೆ ಒಳ್ಳೆಯದು.

ಅಗಲ ಹೆಚ್ಚಿದರೆ ಏನು ಸಿಗುತ್ತದೆ, ಏನು ಹೋಗುತ್ತದೆ

ಅಗಲ ಜಾಸ್ತಿಯಾದರೆ ಹಿಡಿತವೂ ಅಷ್ಟೇ ಜಾಸ್ತಿ ಅಂತ ಹಲವರು ನಂಬಿದ್ದಾರೆ. ಹಾಗಾಗುವುದಿಲ್ಲ. ನೆಲಕ್ಕೆ ತಾಗುವ ರಬ್ಬರಿನ ವಿಸ್ತಾರವನ್ನು ಬಹುಪಾಲು ತೀರ್ಮಾನಿಸುವುದು ಟೈರಿನ ಮೇಲೆ ಬೀಳುವ ಭಾರ ಮತ್ತು ಒಳಗಿನ ಗಾಳಿಯ ಒತ್ತಡ. ಅಗಲದ ಟೈರಿನಲ್ಲಿ ಆ ತಾಗುವ ಜಾಗದ ಆಕಾರ ಬದಲಾಗುತ್ತದೆ, ಅಡ್ಡಕ್ಕೆ ಹಿಗ್ಗಿ ಉದ್ದಕ್ಕೆ ಕುಗ್ಗುತ್ತದೆ. ಹಿಡಿತ ಬೇಕಿದ್ದರೆ ಅದೇ ಅಳತೆಯಲ್ಲಿ ಒಳ್ಳೆಯ ರಬ್ಬರಿನ ಟೈರ್ ಹಾಕಿದರೆ ಸಾಕು.

ಅಗಲ ಮಾಡಲು ಸರಿಯಾದ ಕಾರಣಗಳೂ ಇವೆ. ಕೆಲವು ಅಳತೆಗಳಲ್ಲಿ ಹೆಚ್ಚು ಭಾರ ಹೊರುವ ಟೈರ್ ಸಿಗುತ್ತದೆ. ಕೆಲವು ಹಳೆಯ ಬೈಕುಗಳ ಮೂಲ ಅಳತೆಯಲ್ಲಿ ಒಳ್ಳೆಯ ಟೂರಿಂಗ್ ಟೈರುಗಳೇ ಬರುತ್ತಿಲ್ಲ, ಪಕ್ಕದ ಅಳತೆಯಲ್ಲಿ ಬೇಕಾದಷ್ಟಿವೆ. ನೋಡೋಕೆ ಚೆನ್ನಾಗಿರುತ್ತದೆ ಅನ್ನುವುದೂ ಒಂದು ಕಾರಣವೇ, ಅದನ್ನು ತಪ್ಪು ಅನ್ನುವುದಿಲ್ಲ.

ಕಳೆದುಕೊಳ್ಳುವುದು ಏನು? ತಿರುವಿಗೆ ಬೈಕ್ ಬಾಗುವುದು ನಿಧಾನವಾಗುತ್ತದೆ. ಅಗಲದ ಟೈರಿನಲ್ಲಿ ಬೈಕ್ ಬಾಗಿದಾಗ ನೆಲ ಮುಟ್ಟುವ ಜಾಗ ನಡುಗೆರೆಯಿಂದ ಇನ್ನಷ್ಟು ಆಚೆ ಸರಿಯುತ್ತದೆ. ಹಾಗಾಗಿ ಅದೇ ವೇಗದಲ್ಲಿ ಅದೇ ತಿರುವು ತೆಗೆದುಕೊಳ್ಳಲು ಸ್ವಲ್ಪ ಜಾಸ್ತಿ ಬಾಗಬೇಕು. ಚಕ್ರದ ತೂಕ ಏರುತ್ತದೆ. ನಿಂತ ನೀರಿನ ಮೇಲೆ ವೇಗದಲ್ಲಿ ತೇಲುವ ಅಪಾಯವೂ ಅಗಲದ ಟೈರಿಗೇ ಜಾಸ್ತಿ. ಇದಕ್ಕೆಲ್ಲ ಒಪ್ಪಿಗೆ ಇದ್ದರೆ ಮುಂದಕ್ಕೆ ಹೋಗೋಣ. ನನ್ನ ಕೇಳಿದರೆ ಒಂದೇ ಒಂದು ಮೆಟ್ಟಿಲು ಮೇಲೆ ಹೋಗಿ, 10 ಮಿ.ಮೀ. ಸಾಕು.

ಮೊದಲು ರಿಮ್, ಆಮೇಲೆ ಟೈರ್

150/70 ಆರ್17 ಅಂತ ಬರೆದಿದ್ದರೆ 150 ಅನ್ನುವುದು ಮಿ.ಮೀ. ಲೆಕ್ಕದಲ್ಲಿ ಅಗಲ, 70 ಅಂದರೆ ಟೈರಿನ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 70, ಆರ್ ಅಂದರೆ ರೇಡಿಯಲ್ (ಒಳಗಿನ ದಾರಗಳು ಅಂಚಿನಿಂದ ಅಂಚಿಗೆ ನೇರ ಅಡ್ಡಕ್ಕೆ ಇರುವ ಟೈರ್), 17 ಅಂದರೆ ಇಂಚಿನಲ್ಲಿ ರಿಮ್ಮಿನ ವ್ಯಾಸ. ಆರ್ ಇರುವ ಕಡೆ ಬರೀ ಅಡ್ಡಗೆರೆ ಇದ್ದರೆ ಅದು ಬಯಾಸ್ ಟೈರ್, ಅಂದರೆ ದಾರಗಳು ಓರೆಯಾಗಿರುವುದು. ಮುಂದೆ ಬಯಾಸ್, ಹಿಂದೆ ರೇಡಿಯಲ್ ಅಂತ ಮನಸ್ಸಿಗೆ ಬಂದ ಹಾಗೆ ಬೆರೆಸಬೇಡಿ, ಟೈರ್ ಕಂಪನಿ ಒಪ್ಪಿದ ಜೋಡಿ ಆಗಿದ್ದರೆ ಮಾತ್ರ ಹಾಕಿ.

ಈಗ ಅಸಲು ವಿಷಯ. ಟೈರ್ ಮೇಲೆ ಬರೆದ ಅಗಲ ನಿಮಗೆ ಸಿಗುವ ಅಗಲವಲ್ಲ. ಅದು ಒಂದು ನಿರ್ದಿಷ್ಟ ಅಗಲದ ರಿಮ್ಮಿನ ಮೇಲೆ ಅಳೆದ ಸಂಖ್ಯೆ. 150/70-17 ಟೈರನ್ನು ಅಳೆಯುವುದು 4 ಇಂಚಿನ ರಿಮ್ ಮೇಲೆ, 160/60-17 ಟೈರನ್ನು ಅಳೆಯುವುದು 4.5 ಇಂಚಿನ ರಿಮ್ ಮೇಲೆ. ರಿಮ್ ಅರ್ಧ ಇಂಚು ಕಿರಿದಾದರೆ ಟೈರ್ ಸುಮಾರು 5 ಮಿ.ಮೀ. ಸಣ್ಣಗಾಗುತ್ತದೆ. ಅಂದರೆ ನಿಮ್ಮ 4 ಇಂಚಿನ ರಿಮ್ಮಿಗೆ 160 ಟೈರ್ ಹಾಕಿದರೆ ಕೈಗೆ ಸಿಗುವುದು ಸುಮಾರು 155. ಹತ್ತು ಅಂದುಕೊಂಡದ್ದು ಐದಾಯಿತು, ಅಲ್ವಾ?

ಅಷ್ಟಕ್ಕೇ ನಿಂತರೆ ಪರವಾಗಿಲ್ಲ. ಕಿರಿದಾದ ರಿಮ್ ಟೈರಿನ ಎರಡೂ ಅಂಚನ್ನು ಹಿಂಡಿ ಹಿಡಿಯುತ್ತದೆ, ಆಗ ಟೈರಿನ ಬೆನ್ನು ಚೂಪಾಗಿ ಉಬ್ಬುತ್ತದೆ. ನೇರ ರಸ್ತೆಯಲ್ಲಿ ನಡುಭಾಗ ಬೇಗ ಸವೆಯುತ್ತದೆ. ಬಾಗಿದಾಗ ಟೈರಿನ ಭುಜ (ಬೆನ್ನಿನ ಅಂಚಿನ ಭಾಗ) ವಿನ್ಯಾಸ ಮಾಡಿದ ಹಾಗೆ ನೆಲ ಮುಟ್ಟುವುದಿಲ್ಲ. ಭಾರ ಹೊತ್ತಾಗ ಪಕ್ಕದ ಗೋಡೆ ಅತ್ತಿತ್ತ ಓಲಾಡುತ್ತದೆ. ಅದಕ್ಕೇ ಪ್ರತಿ ಅಳತೆಗೂ ಇಂತಿಷ್ಟು ಅಗಲದ ರಿಮ್ ಅಂತ ಮಿತಿ ಇದೆ: 160/60-17 ಟೈರಿಗೆ 4ರಿಂದ 5 ಇಂಚು, 180/55-17 ಟೈರಿಗೆ 5ರಿಂದ 6 ಇಂಚು. ನಿಮ್ಮ ರಿಮ್ಮಿನ ಅಗಲ ರಿಮ್ ಮೇಲೆಯೇ ಅಚ್ಚಾಗಿರುತ್ತದೆ, 17 ಗುಣಿಸು 4 ಅನ್ನುವ ಥರ ಇರುತ್ತದೆ. ಕೊಳ್ಳಬೇಕೆಂದಿರುವ ಟೈರಿನ ಕಂಪನಿ ಪಟ್ಟಿಯಲ್ಲಿ ಆ ರಿಮ್ ಇಲ್ಲದಿದ್ದರೆ ಆ ಟೈರ್ ಆಸೆ ಬಿಟ್ಟುಬಿಡಿ. ಅದೇ ಪಟ್ಟಿಯಲ್ಲಿ ಆ ಟೈರಿನ ನಿಜವಾದ ಅಗಲ ಮತ್ತು ವ್ಯಾಸ ಕೂಡ ಇರುತ್ತದೆ. ಬರೆದುಕೊಳ್ಳಿ, ಯಾಕಂದರೆ ಒಂದೇ 160 ಆದರೂ ಕಂಪನಿಯಿಂದ ಕಂಪನಿಗೆ ಕೆಲವು ಮಿ.ಮೀ. ವ್ಯತ್ಯಾಸ ಬರುತ್ತದೆ.

ಭಾರದ ಸಂಖ್ಯೆ ಮರೆಯಬೇಡಿ. ಅಳತೆಯ ಪಕ್ಕ 69ವಿ, 73ಎಚ್ ಅಂತ ಇರುತ್ತದಲ್ಲ, ಅದು. 69 ಅಂದರೆ 325 ಕೆ.ಜಿ., 73 ಅಂದರೆ 365, 77 ಅಂದರೆ 412. ಅಕ್ಷರ ವೇಗದ ಮಿತಿ: ಎಚ್ ಅಂದರೆ ಗಂಟೆಗೆ 210 ಕಿ.ಮೀ., ವಿ ಅಂದರೆ 240. ಅಗಲವಾದ ಟೈರು ಅಂದ ಮಾತ್ರಕ್ಕೆ ಜಾಸ್ತಿ ಭಾರ ಹೊರುತ್ತದೆ ಅಂತ ಇಲ್ಲ, ಎತ್ತರ ಕಡಿಮೆಯಾದಾಗ ಈ ಸಂಖ್ಯೆ ಇಳಿಯಲೂಬಹುದು. ಟೂರಿಂಗ್ ಬೈಕಿನಲ್ಲಿ ಹಿಂದೆ ಕೂರುವವರ ಮತ್ತು ಬ್ಯಾಗುಗಳ ತೂಕ ಹೆಚ್ಚೂಕಡಿಮೆ ಪೂರ್ತಿ ಹಿಂದಿನ ಚಕ್ರದ ಮೇಲೇ ಬೀಳುತ್ತದೆ. ಬೈಕಿನ ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಒಂದು ಅಂಕಿ ಕಡಿಮೆ ಇದ್ದರೂ ಬೇಡ.

ಇಲ್ಲೇ ಇನ್ನೊಂದು ಮಾತು. ದೂರ ಓಡಿಸುವ ಕೆಲವರು ಹಿಂದಕ್ಕೆ ಕಾರಿನ ಟೈರನ್ನೇ ಹಾಕುತ್ತಾರೆ, ತುಂಬಾ ಬಾಳಿಕೆ ಬರುತ್ತದೆ ಅಂತ. ಕಾರಿನ ಟೈರಿನ ಬೀಡ್ (ರಿಮ್ಮಿಗೆ ಕೂರುವ ಗಟ್ಟಿ ಅಂಚು) ಕೂರುವ ಆಕಾರ ಬೇರೆ, ಬೈಕ್ ರಿಮ್ಮಿನದು ಬೇರೆ. ಅದರ ಬೆನ್ನು ಚಪ್ಪಟೆ, ಬಾಗಿದರೆ ಅಂಚಿನ ಮೇಲೆ ನಿಲ್ಲುತ್ತದೆ. ನಾನು ಹಾಕುವುದಿಲ್ಲ, ನೀವೂ ಹಾಕಬೇಡಿ.

ಎತ್ತರದ ಲೆಕ್ಕ

ಅಗಲಕ್ಕೆ ಶೇಕಡಾ ಗುಣಿಸಿ, ಎರಡು ಪಟ್ಟು ಮಾಡಿ, ರಿಮ್ ವ್ಯಾಸ ಕೂಡಿಸಿ. 17 ಇಂಚು ಅಂದರೆ ಸುಮಾರು 432 ಮಿ.ಮೀ. 150/70ಕ್ಕೆ 432 ಮತ್ತು 210 ಸೇರಿ 642. 160/60ಕ್ಕೆ 624. 160/70ಕ್ಕೆ 656. ಅಂದರೆ 160/60 ಹಾಕಿದರೆ ಬೈಕಿನ ಹಿಂಭಾಗ 9 ಮಿ.ಮೀ. ಕೆಳಗಿಳಿಯುತ್ತದೆ, 160/70 ಹಾಕಿದರೆ 7 ಮಿ.ಮೀ. ಮೇಲೇರುತ್ತದೆ. ಹಿಂಭಾಗ ಇಳಿದರೆ ಹ್ಯಾಂಡಲ್ ಇನ್ನಷ್ಟು ನಿಧಾನ. ಏರಿದರೆ ಸೈಡ್ ಸ್ಟ್ಯಾಂಡಿನಲ್ಲಿ ಬೈಕ್ ಜಾಸ್ತಿ ವಾಲುತ್ತದೆ, ಸೆಂಟರ್ ಸ್ಟ್ಯಾಂಡ್ ಹಾಕಿದಾಗ ಹಿಂದಿನ ಚಕ್ರ ನೆಲ ಬಿಡದೇ ಇರಬಹುದು.

ವೇಗ ಅಳೆಯುವ ಸೆನ್ಸರ್ ಹಿಂದಿನ ಚಕ್ರದಲ್ಲೋ ಗೇರ್‌ಬಾಕ್ಸಿನಲ್ಲೋ ಇದ್ದರೆ ಮೀಟರ್ ಕೂಡ ಬದಲಾಗುತ್ತದೆ. ಮೊದಲು ನಿಜವಾಗಿ 100ರಲ್ಲಿದ್ದಾಗ 100 ತೋರಿಸುತ್ತಿದ್ದ ಮೀಟರ್, 160/60 ಹಾಕಿದ ಮೇಲೆ ನೀವು 97ರ ಹತ್ತಿರ ಇರುವಾಗಲೇ 100 ತೋರಿಸುತ್ತದೆ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವುದು) ಮತ್ತು ಟ್ರ್ಯಾಕ್ಷನ್ ಕಂಟ್ರೋಲ್ (ಹಿಂದಿನ ಚಕ್ರ ಜಾರಿ ತಿರುಗದಂತೆ ತಡೆಯುವುದು) ಮುಂದಿನ ಹಿಂದಿನ ಚಕ್ರಗಳ ವೇಗವನ್ನು ಹೋಲಿಸಿ ಕೆಲಸ ಮಾಡುತ್ತವೆ, ಹಾಗಾಗಿ ವ್ಯಾಸದ ವ್ಯತ್ಯಾಸವನ್ನು ನಾನು ಶೇ. 3ರ ಒಳಗೇ ಇಡುತ್ತೇನೆ. ನಿಮ್ಮಲ್ಲಿನ ವಾಹನ ನಿಯಮ ಮತ್ತು ವಿಮೆಯ ಷರತ್ತು ಅಳತೆ ಬದಲಿಸಲು ಬಿಡುತ್ತವೆಯೇ ಅಂತಲೂ ಈಗಲೇ ನೋಡಿಕೊಳ್ಳಿ.

ಸಂದಿ ಅಳೆಯುವುದು

ಟೈರಿನ ಸುತ್ತ ಎರಡು ಥರದ ಸಂದಿ ಇರುತ್ತದೆ. ಇದು ತಲೆಗೆ ಹತ್ತಿದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲನೆಯದು ಚಕ್ರದ ಜೊತೆಗೇ ಏರಿಳಿಯುವ ಭಾಗಗಳ ಹತ್ತಿರದ್ದು: ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದು ಏರಿಳಿಯುವ ತೋಳು), ಚೈನ್ ಅಥವಾ ಬೆಲ್ಟ್, ಚೈನ್ ಗಾರ್ಡ್, ಬ್ರೇಕ್ ಹಿಡಿದ ರಾಡ್. ಭಾರ ಹಾಕಿದರೂ ಇದು ಹೆಚ್ಚು ಬದಲಾಗುವುದಿಲ್ಲ. ಆದರೆ ಚೈನ್ ಹೊಂದಿಸಿದಾಗ ಬದಲಾಗುತ್ತದೆ! ಚೈನ್ ಸಡಿಲವಾದ ಹಾಗೆ ಅದನ್ನು ಬಿಗಿ ಮಾಡಲು ಆಕ್ಸಲ್ (ಚಕ್ರದ ನಡುವಿನ ಕಂಬಿ) ಹಿಂದಕ್ಕೆ ಹೋಗುತ್ತದೆ, ಸ್ವಿಂಗ್ ಆರ್ಮಿನ ಮುಂಭಾಗದಲ್ಲಿ ಜಾಗ ಸಿಗುತ್ತದೆ. ಹೊಸ ಚೈನ್ ಹಾಕಿದ ದಿನ ಆಕ್ಸಲ್ ಮುಂದಕ್ಕೆ ಬರುತ್ತದೆ, ಸಂದಿ ಕಡಿಮೆಯಾಗುತ್ತದೆ. ಆದ್ದರಿಂದ ಸವೆದ ಚೈನಿನ ಮೇಲೆ ಅಳೆದು ಜಾಗ ಇದೆ ಅಂದುಕೊಳ್ಳಬೇಡಿ, ಆಕ್ಸಲ್ ಎಷ್ಟು ಮುಂದಕ್ಕೆ ಬರಬಹುದೋ ಅಲ್ಲಿಗೆ ಲೆಕ್ಕ ಹಾಕಿ. ಚೈನಿನ ಬದಲು ಕಂಬಿಯಿಂದ ಚಕ್ರ ತಿರುಗಿಸುವ ಶಾಫ್ಟ್ ಡ್ರೈವ್ ಇದ್ದರೆ ಈ ತಲೆನೋವಿಲ್ಲ, ಆದರೆ ಶಾಫ್ಟ್ ಇರುವ ಬದಿಯಲ್ಲಿ ಜಾಗವೇ ಕಡಿಮೆ ಇರುತ್ತದೆ.

ಎರಡನೆಯದು ಬೈಕಿನ ಮೈಗೆ ಅಂಟಿಕೊಂಡ ಭಾಗಗಳು: ಮಡ್‌ಗಾರ್ಡ್, ಅದರೊಳಗಿನ ಬೋಲ್ಟುಗಳು, ವೈರ್ ಹಿಡಿದ ಕ್ಲಿಪ್ಪುಗಳು, ನಂಬರ್ ಪ್ಲೇಟಿನ ಪಟ್ಟಿ, ಬ್ಯಾಗಿನ ಚೌಕಟ್ಟು. ಭಾರ ಬಿದ್ದಾಗ, ಗುಂಡಿಗೆ ಇಳಿದಾಗ ಚಕ್ರ ಇವುಗಳ ಕಡೆಗೆ ಏರುತ್ತದೆ. ನನ್ನನ್ನು ಕೆಡಿಸಿದ್ದು ಇದೇ.

ಬದಿಯ ಸಂದಿಗೆ ವರ್ನಿಯರ್ (ಸೂಕ್ಷ್ಮವಾಗಿ ಅಳೆಯುವ ಉಪಕರಣ) ತೂರದ ಕಡೆ ರಟ್ಟಿನ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ತೂರಿಸಿ, ಬಿಗಿಯಾದಾಗ ತೆಗೆದು ದಪ್ಪ ಅಳೆಯಿರಿ. ಎರಡೂ ಬದಿ ಬೇರೆ ಬೇರೆ ಅಳೆಯಿರಿ, ಒಂದೇ ಸಮ ಇರುವುದು ಅಪರೂಪ. ಹೊಸ ಟೈರ್ 10 ಮಿ.ಮೀ. ಅಗಲ ಅಂದರೆ ಪ್ರತಿ ಬದಿಗೆ 5 ಹೋಗುತ್ತದೆ. ಹೋದ ಮೇಲೂ ಬದಿಗೆ 7 ಮಿ.ಮೀ. ಉಳಿಯಬೇಕು ಅನ್ನುವುದು ನನ್ನ ಲೆಕ್ಕ. ವೇಗದಲ್ಲಿ ಟೈರ್ ಸ್ವಲ್ಪ ಹಿಗ್ಗುತ್ತದೆ, ಚೈನ್ ಬಡಿಯುತ್ತದೆ, ನಡುವೆ ಒಂದು ಸಣ್ಣ ಕಲ್ಲು ಸಿಕ್ಕಿಕೊಂಡರೂ ತೊಂದರೆ ಆಗಬಾರದು.

ಮೇಲಿನ ಸಂದಿಗೆ ಮಕ್ಕಳು ಆಡುವ ಬಣ್ಣದ ಜೇಡಿ ತನ್ನಿ. ಮಡ್‌ಗಾರ್ಡ್ ಒಳಗಿನ ಮಣ್ಣು ತೊಳೆದು ಒಣಗಿಸಿ, ಚಾಚಿಕೊಂಡಿರುವ ಪ್ರತಿ ಬೋಲ್ಟಿನ ಮೇಲೂ ಒಂದೊಂದು ಉಂಡೆ ಒತ್ತಿ ಅಂಟಿಸಿ. ದಪ್ಪ 30 ಮಿ.ಮೀ. ಇರಲಿ. ಹಳೆಯ ಟೈರ್ ಹಾಗೇ ಇರಲಿ. ಈಗ ನೀವು ನಿಜವಾಗಿ ಪ್ರಯಾಣಕ್ಕೆ ಹೊರಡುವಾಗ ಎಷ್ಟು ಭಾರ ಇರುತ್ತದೋ ಅಷ್ಟನ್ನೂ ಹಾಕಿಕೊಂಡು, ಹಿಂದೆ ಕೂರುವವರನ್ನೂ ಕೂರಿಸಿಕೊಂಡು, ಏರು ತಗ್ಗಿನ ರಸ್ತೆಯಲ್ಲಿ ನಿಧಾನಕ್ಕೆ ನಾಲ್ಕಾರು ಕಿಲೋಮೀಟರ್ ಹೋಗಿ ಬನ್ನಿ. ವಾಪಸ್ ಬಂದು ನೋಡಿದರೆ ಟೈರ್ ತಾಗಿದ ಕಡೆ ಉಂಡೆ ಚಪ್ಪಟೆಯಾಗಿ, ಟ್ರೆಡ್ಡಿನ (ಟೈರಿನ ಮೇಲ್ಮೈ ವಿನ್ಯಾಸದ) ಅಚ್ಚು ಮೂಡಿರುತ್ತದೆ. ಉಳಿದ ದಪ್ಪವೇ ನಿಮ್ಮ ನಿಜವಾದ ಸಂದಿ. ಕಡ್ಡಿ ಚುಚ್ಚಿ ಅಳೆದುಕೊಳ್ಳಿ.

ಆ ಸಂಖ್ಯೆಯಿಂದ ಎರಡು ಸಲ ಕಳೆಯಬೇಕು. ಹೊಸ ಟೈರಿನ ಹೆಚ್ಚಿನ ಎತ್ತರ ಒಂದು, 160/70 ಆದರೆ 7 ಮಿ.ಮೀ. ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ: ನಿಮ್ಮ ಹಳೆಯ ಟೈರ್ ಸವೆದಿದೆ. ಟ್ರೆಡ್ 5 ಮಿ.ಮೀ. ಸವೆದಿದ್ದರೆ ಅದೇ ಅಳತೆಯ ಹೊಸ ಟೈರ್ ಕೂಡ ಅದಕ್ಕಿಂತ 5 ಮಿ.ಮೀ. ಹೆಚ್ಚು ಎತ್ತರ ಇರುತ್ತದೆ. ಅಲ್ಲಿಗೆ 12 ಹೋಯಿತು. ಅದೆಲ್ಲ ಕಳೆದ ಮೇಲೂ 10 ಮಿ.ಮೀ. ಉಳಿದರೆ ಟೈರ್ ತರಿಸಿ.

ಉಳಿಯದಿದ್ದರೆ? ಮಡ್‌ಗಾರ್ಡಿನ ಉದ್ದ ತಲೆಯ ಬೋಲ್ಟಿಗೆ ಚಪ್ಪಟೆ ತಲೆಯದನ್ನು ಹಾಕಬಹುದು, ವೈರ್ ಕ್ಲಿಪ್ ಸರಿಸಬಹುದು. ಸ್ವಿಂಗ್ ಆರ್ಮನ್ನು ಮಾತ್ರ ಯಾವ ಕಾರಣಕ್ಕೂ ಉಜ್ಜಬೇಡಿ, ಅದು ಬೈಕಿನ ಬೆನ್ನೆಲುಬು. ಬುಷ್ (ಆಕ್ಸಲ್ ಮೇಲೆ ಚಕ್ರದ ಪಕ್ಕ ಕೂರುವ ಕೊಳವೆಯಂಥ ತುಂಡು) ಬದಲಿಸಿ ಚಕ್ರವನ್ನು ಒಂದು ಪಕ್ಕಕ್ಕೆ ಸರಿಸುವುದೂ ಬೇಡ, ಚೈನಿನ ಸಾಲು ತಪ್ಪುತ್ತದೆ, ಮುಂದಿನ ಚಕ್ರದ ನೇರಕ್ಕೆ ಹಿಂದಿನ ಚಕ್ರ ಬರುವುದಿಲ್ಲ.

ಚಕ್ರ ಬಿಚ್ಚುವುದು

ಬೇಕಾದದ್ದು: ಆಕ್ಸಲ್ ಅಳತೆಯ ಪಾನಾ, ಟಾರ್ಕ್ ವ್ರೆಂಚ್ (ಎಷ್ಟು ಬಿಗಿ ಅಂತ ತೋರಿಸುವ ಪಾನಾ), ಮೂರು ಟೈರ್ ಲಿವರ್, ರಿಮ್ಮಿಗೆ ಗೀರು ಬೀಳದಂತೆ ಪ್ಲಾಸ್ಟಿಕ್ ಕವಚ, ವಾಲ್ವ್ ಕೋರ್ ತೆಗೆಯುವ ಸಾಧನ, ಟೈರ್ ಲೂಬ್ ಅಥವಾ ಸೋಪಿನ ನೀರು, ಗಾಳಿಯ ಪಂಪ್, ಹೊಸ ವಾಲ್ವ್.

ಆಕ್ಸಲ್ ನಟ್ಟನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲ ಮಾಡಿ, ಸ್ಟ್ಯಾಂಡ್ ಮೇಲೆ ಏರಿಸಿದ ಮೇಲೆ ಜೋರು ಹಾಕಿದರೆ ಬೈಕ್ ಬೀಳುತ್ತದೆ. ಬಿಚ್ಚುವ ಮೊದಲು ಎರಡೂ ಬದಿಯ ಫೋಟೋ ತೆಗೆದುಕೊಳ್ಳಿ: ಬುಷ್ ಯಾವ ಕಡೆಯದು, ಅದರ ಯಾವ ಮುಖ ಒಳಗೆ, ಚೈನ್ ಅಡ್ಜಸ್ಟರ್ ಎಷ್ಟನೇ ಗೆರೆಯಲ್ಲಿದೆ. ಆಮೇಲೆ ಚಕ್ರ ಮುಂದಕ್ಕೆ ತಳ್ಳಿ ಚೈನ್ ಬಿಡಿಸಿ. ಬ್ರೇಕ್ ಕ್ಯಾಲಿಪರ್ ಬಿಚ್ಚಿದರೆ ಹೋಸ್ ಮೇಲೆ ನೇತಾಡಲು ಬಿಡಬೇಡಿ, ದಾರದಿಂದ ಕಟ್ಟಿ. ಚಕ್ರ ಹೊರಗಿರುವಾಗ ಬ್ರೇಕ್ ಪೆಡಲ್ ಮುಟ್ಟಬೇಡಿ. ಚಕ್ರವನ್ನು ಡಿಸ್ಕ್ ಮೇಲೆ ಮಲಗಿಸಬೇಡಿ, ಎಬಿಎಸ್ಸಿನ ಹಲ್ಲುಚಕ್ರವೂ ಸುಲಭಕ್ಕೆ ಬಾಗುತ್ತದೆ. ಸ್ಪ್ರಾಕೆಟ್ ಕಡೆಯ ರಬ್ಬರುಗಳು ಕಳಚಿ ಬಿದ್ದರೆ ಇದ್ದ ಕ್ರಮದಲ್ಲೇ ಎತ್ತಿಡಿ.

ಟೈರ್ ಬದಲಿಸುವುದು

ಟ್ಯೂಬ್‌ಲೆಸ್ ಟೈರಿನ ಬೀಡ್ ಕೈಬಲಕ್ಕೆ ಬಿಡುವುದಿಲ್ಲ. ಬೀಡ್ ಬಿಡಿಸುವ ಸಾಧನವಾದ ಬೀಡ್ ಬ್ರೇಕರ್ ಇಲ್ಲದಿದ್ದರೆ ಚಕ್ರವನ್ನು ಟೈರ್ ಅಂಗಡಿಗೆ ಒಯ್ದು ಅವರ ಮಷೀನಿನಲ್ಲೇ ಹಾಕಿಸಿ, ಅದರಲ್ಲಿ ನಾಚಿಕೆ ಏನಿಲ್ಲ. ಮನೆಯಲ್ಲೇ ಮಾಡುವುದಾದರೆ ಮೊದಲು ವಾಲ್ವ್ ಕೋರ್ ತೆಗೆದು ಗಾಳಿ ಪೂರ್ತಿ ಬಿಡಿ, ಎರಡೂ ಬದಿಯ ಬೀಡ್ ಬಿಡಿಸಿ, ಸೋಪಿನ ನೀರು ಧಾರಾಳವಾಗಿ ಹಚ್ಚಿ.

ಇಲ್ಲೊಂದು ಹದ ಇದೆ. ರಿಮ್ಮಿನ ನಡುವೆ ಒಂದು ತಗ್ಗು ಇರುತ್ತದೆ. ನೀವು ಲಿವರ್ ಹಾಕುವ ಜಾಗದ ಎದುರು ಬದಿಯ ಬೀಡನ್ನು ಮಂಡಿಯಿಂದ ಒತ್ತಿ ಆ ತಗ್ಗಿಗೆ ಇಳಿಸಿದರೆ ಈ ಕಡೆ ಸಡಿಲ ಸಿಗುತ್ತದೆ. ಅದು ಇಳಿಯದಿದ್ದರೆ ಎಷ್ಟು ಜೋರು ಹಾಕಿದರೂ ಬರುವುದಿಲ್ಲ, ಬಂದರೂ ಬೀಡ್ ಹರಿಯುತ್ತದೆ. ಲಿವರ್ ಬಹಳ ಬಿಗಿ ಅನಿಸಿದ ಕೂಡಲೇ ನಿಲ್ಲಿಸಿ ಎದುರು ಬದಿ ನೋಡಿ. ಒಂದು ಸಲಕ್ಕೆ ನಾಲ್ಕೈದು ಸೆಂ.ಮೀ. ಮಾತ್ರ ಎತ್ತುತ್ತಾ ಹೋಗಿ. ಒಳಗೆ ಗಾಳಿಯ ಒತ್ತಡದ ಸೆನ್ಸರ್ ಇದ್ದರೆ ವಾಲ್ವ್ ಹತ್ತಿರ ಲಿವರ್ ಹಾಕಲೇಬೇಡಿ.

ಟೈರ್ ಬಂದ ಮೇಲೆ ಬೀಡ್ ಕೂರುವ ಜಾಗವನ್ನು ಒರೆಸಿ, ತುಕ್ಕು, ಹಳೆಯ ರಬ್ಬರ್ ತೆಗೆಯಿರಿ. ಬೇರಿಂಗಿಗೆ ಬೆರಳು ಹಾಕಿ ತಿರುಗಿಸಿ, ಕರಕರ ಅಂದರೆ ಈಗಲೇ ಬದಲಿಸುವುದು ಒಳ್ಳೆಯದು. ಟ್ಯೂಬ್ ಇರುವ ಚಕ್ರವಾದರೆ ಹೊಸ ಅಳತೆಗೆ ಹೊಂದುವ ಟ್ಯೂಬ್ ಬೇಕು, ಹಳೆಯದು ಎಳೆದುಕೊಂಡು ತೆಳ್ಳಗಾಗುತ್ತದೆ. ಹೊಸ ಟೈರ್ ಹಾಕುವಾಗ ಬಾಣದ ಗುರುತು ಚಕ್ರ ಮುಂದಕ್ಕೆ ತಿರುಗುವ ದಿಕ್ಕಿಗೆ ಇರಲಿ, ಟೈರ್ ಮೇಲೆ ಹಗುರ ಭಾಗದ ಚುಕ್ಕೆ ಇದ್ದರೆ ಅದು ವಾಲ್ವ್ ಪಕ್ಕಕ್ಕೆ ಬರಲಿ.

ಗಾಳಿ ತುಂಬುವಾಗ ಬೀಡ್ ಟಪ್ ಟಪ್ ಅಂತ ಎರಡು ಸಲ ಸದ್ದು ಮಾಡಿ ಕೂರುತ್ತದೆ. ಟೈರ್ ಕಂಪನಿ ಹೇಳಿದ ಮಿತಿ ದಾಟಿ ಗಾಳಿ ಹೊಡೆಯಬೇಡಿ, ಒಡೆದರೆ ಪ್ರಾಣಕ್ಕೆ ಅಪಾಯ. ಕೂರದಿದ್ದರೆ ಗಾಳಿ ಬಿಟ್ಟು, ಮತ್ತೆ ಸೋಪು ಹಚ್ಚಿ, ಮತ್ತೆ ತುಂಬಿ. ಅಗಲದ ಟೈರ್ ಕಿರಿದಾದ ರಿಮ್ಮಿನಲ್ಲಿ ಕೂರಲು ಸ್ವಲ್ಪ ಸತಾಯಿಸುತ್ತದೆ. ರಿಮ್ಮಿನ ಅಂಚಿನಿಂದ ಟೈರ್ ಮೇಲಿನ ಸಣ್ಣ ಗೆರೆಯವರೆಗಿನ ದೂರ ಸುತ್ತಲೂ ಒಂದೇ ಸಮ ಇದೆಯಾ, ಎರಡೂ ಬದಿ ನೋಡಿ.

ಆಮೇಲೆ ಬ್ಯಾಲೆನ್ಸ್. ಚಕ್ರವನ್ನು ಆಕ್ಸಲ್ ಮೇಲೆ ಎರಡು ಆಸರೆಯ ನಡುವೆ ನಿಲ್ಲಿಸಿದರೆ ಭಾರದ ಭಾಗ ತಾನಾಗಿ ಕೆಳಗೆ ಬರುತ್ತದೆ, ಅದರ ಎದುರಿಗೆ 5 ಗ್ರಾಂ, 10 ಗ್ರಾಂ ಅಂತ ತೂಕ ಅಂಟಿಸುತ್ತಾ ಹೋಗಿ, ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲುವವರೆಗೆ.

ಮತ್ತೆ ಜೋಡಿಸುವುದು

ಅಗಲದ ಟೈರ್ ಗಾಳಿ ತುಂಬಿದ ಮೇಲೆ ಸ್ವಿಂಗ್ ಆರ್ಮ್ ಮತ್ತು ಬ್ಯಾಗಿನ ಚೌಕಟ್ಟಿನ ನಡುವೆ ತೂರದೇ ಇರಬಹುದು. ತೂರಿದರೆ ಸರಿ. ಇಲ್ಲದಿದ್ದರೆ ಬೀಡ್ ಕೂತ ಮೇಲೆ ಗಾಳಿ ಇಳಿಸಿ, ಚಕ್ರ ಒಳಗೆ ಹೋದ ಮೇಲೆ ಮತ್ತೆ ತುಂಬಿ. ದಾರಿಯಲ್ಲಿ ಪಂಕ್ಚರ್ ಆದರೆ ಈ ಕಷ್ಟ ಮತ್ತೆ ಎದುರಾಗುತ್ತದೆ ಅನ್ನುವುದು ನೆನಪಿರಲಿ.

ಆಕ್ಸಲ್ಲಿಗೆ ತೆಳ್ಳಗೆ ಗ್ರೀಸ್ ಹಚ್ಚಿ, ಬುಷ್‌ಗಳನ್ನು ಫೋಟೋ ನೋಡಿ ಹಾಕಿ. ಚೈನಿನ ಸಡಿಲ ಮತ್ತು ನಟ್ಟಿನ ಬಿಗಿ ಎರಡೂ ಕೈಪಿಡಿಯಲ್ಲಿ ಹೇಳಿದಷ್ಟೇ. ಸ್ವಿಂಗ್ ಆರ್ಮ್ ಮೇಲಿನ ಗೆರೆಗಳನ್ನೇ ನಂಬದೆ, ಸ್ವಿಂಗ್ ಆರ್ಮ್ ತಿರುಗುವ ಬೋಲ್ಟಿನಿಂದ ಆಕ್ಸಲ್‌ವರೆಗೆ ಎರಡೂ ಬದಿ ಅಳೆಯಿರಿ. ಅಗಲದ ಟೈರಿನಲ್ಲಿ 2 ಮಿ.ಮೀ. ಓರೆಯಾದರೂ ಒಂದು ಬದಿಯ ಸಂದಿ ತಿಂದುಹಾಕುತ್ತದೆ. ಸ್ಪ್ಲಿಟ್ ಪಿನ್ ಹೊಸದು ಹಾಕಿ. ಕೊನೆಗೆ ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೆ ಹತ್ತಾರು ಸಲ ಒತ್ತಿ, ಇದನ್ನು ಮರೆತು ಹೊರಟರೆ ಮೊದಲ ಸಲ ಬ್ರೇಕ್ ಹಿಡಿಯುವುದಿಲ್ಲ.

ಗಾಳಿ ಎಷ್ಟು? ಅಗಲ ಇದೆ, ಕಡಿಮೆ ಸಾಕು ಅನ್ನುವ ಸಲಹೆ ಕೇಳಬೇಡಿ. ಹೊಸ ಅಳತೆಗೆ ನಿಮ್ಮ ಭಾರಕ್ಕೆ ಎಷ್ಟು ಅಂತ ಟೈರ್ ಕಂಪನಿ ಹೇಳಿದಷ್ಟು ಇಡಿ, ಟೈರ್ ತಣ್ಣಗಿರುವಾಗ ಅಳೆಯಿರಿ.

ಮೊದಲ 200 ಕಿ.ಮೀ.

ಹೊಸ ಟೈರ್ ಜಾರುತ್ತದೆ. 150 ಕಿ.ಮೀ. ದಾಟುವವರೆಗೆ ಜೋರಾಗಿ ಬಾಗಿಸಬೇಡಿ, ಒಮ್ಮೆಲೇ ಥ್ರಾಟಲ್ ತಿರುಗಿಸಬೇಡಿ. ತಿರುವಿನಲ್ಲಿ ಹ್ಯಾಂಡಲ್ ಸ್ವಲ್ಪ ಮೊಂಡು ಅನಿಸುತ್ತದೆ, ಅದು ಕೆಲವು ದಿನದಲ್ಲಿ ಕೈಗೆ ಒಗ್ಗುತ್ತದೆ. ಆದರೆ ನೇರ ರಸ್ತೆಯಲ್ಲಿ ಹಿಂಭಾಗ ಓಲಾಡಿದರೆ ಅದು ಒಗ್ಗುವ ವಿಷಯವಲ್ಲ. ನಿಧಾನಿಸಿ ನಿಲ್ಲಿಸಿ, ಗಾಳಿ, ಬೀಡ್ ಗೆರೆ, ಆಕ್ಸಲ್ ನೇರ ಇದೇ ಕ್ರಮದಲ್ಲಿ ನೋಡಿ.

ಹೊರಡುವ ಮುನ್ನ ಟೈರಿನ ಎರಡೂ ಭುಜದ ಮೇಲೆ ಮತ್ತು ನಡುವೆ ಸೀಮೆಸುಣ್ಣದಿಂದ ಅಡ್ಡ ಗೆರೆ ಎಳೆಯಿರಿ, ಸ್ವಿಂಗ್ ಆರ್ಮ್ ಮತ್ತು ಮಡ್‌ಗಾರ್ಡ್ ಒಳಮೈಗೆ ಕಾಗದದ ಟೇಪ್ ಅಂಟಿಸಿ. ಮೊದಲು ಒಬ್ಬರೇ 20 ಕಿ.ಮೀ. ಹೋಗಿ ಬಂದು ಟೇಪ್ ನೋಡಿ. ಆಮೇಲೆ ಪೂರ್ತಿ ಭಾರ ಹಾಕಿ, ಜೇಡಿಯ ಪರೀಕ್ಷೆಗೆ ಹೋದ ಅದೇ ರಸ್ತೆಗೆ ಹೋಗಿ. ಟೇಪ್ ಮೇಲೆ ಬಿಳಿ ಪುಡಿಯೋ ಕಪ್ಪು ಗೆರೆಯೋ ಕಂಡರೆ ಎಲ್ಲಿ ತಾಗುತ್ತಿದೆ ಅಂತ ಅದೇ ಹೇಳುತ್ತದೆ. 200 ಕಿ.ಮೀ. ಆದ ಮೇಲೆ ನಟ್ಟಿನ ಬಿಗಿ, ಚೈನಿನ ಸಡಿಲ ಇನ್ನೊಮ್ಮೆ ನೋಡಿ. ಹಳೆಯ ಟೈರಿನಲ್ಲಿ ಟ್ರೆಡ್ ಉಳಿದಿದ್ದರೆ ಅಲ್ಲಿಯವರೆಗೆ ಎಸೆಯಬೇಡಿ, ಟೇಪಿನ ಮೇಲೆ ಗೆರೆ ಬಂದರೆ ಅದನ್ನೇ ವಾಪಸ್ ಹಾಕಬೇಕಾಗುತ್ತದೆ.